ಬಿಲ್ಡ್ ಬೇರೆಯಾದರೂ ಎಪಿಐ ಒಂದೇ ಇರಲಿ: ಸಿ ಲೈಬ್ರರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದು ನಿಂತಾಗ, ಕೆಳಗಿರುವ ಲೋಡ್ ಸೆಲ್‌ಗಳ ಸಂಕೇತವು ಇಂಡಿಕೇಟರ್‌ಗೆ ಬಂದು ಅಲ್ಲಿಂದ ಸೀರಿಯಲ್ ಕೇಬಲ್ ಮೂಲಕ ಕಾಟಾ ಕೋಣೆಯ ಕಂಪ್ಯೂಟರನ್ನು ಸೇರುತ್ತದೆ. ಇಂಡಿಕೇಟರ್ ಕಳಿಸಿದ್ದನ್ನು ಓದಿ ಕಿಲೋ ಲೆಕ್ಕದಲ್ಲಿ ಕೊಡುವ ಒಂದು ಸಣ್ಣ ಸಿ ಲೈಬ್ರರಿ ಆ ಕಂಪ್ಯೂಟರಿನಲ್ಲಿದೆ ಎಂದುಕೊಳ್ಳಿ; ತೂಕದ ಚೀಟಿ ಮುದ್ರಿಸುವ ತಂತ್ರಾಂಶ ಅದನ್ನು ಕರೆಯುತ್ತದೆ. ಇದೇ ಲೈಬ್ರರಿಯನ್ನು ಬೆಳಗಾವಿಯ ಉದ್ಯಮಬಾಗದಲ್ಲಿ ಕುಳಿತ ಪ್ರೋಗ್ರಾಮರ್ ಡೀಬಗ್ ಬಿಲ್ಡ್ (ದೋಷ ಹುಡುಕಲು ಕಂಪೈಲ್ ಮಾಡಿದ ರೂಪ) ಆಗಿ ಬಳಸುತ್ತಾರೆ, ಕಾರ್ಖಾನೆಗೆ ರಿಲೀಸ್ ಬಿಲ್ಡ್ (ಬಳಕೆಗೆ ಕಳಿಸುವ ರೂಪ) ಹೋಗುತ್ತದೆ, ಇಂಡಿಕೇಟರ್ ಕೈಯಲ್ಲಿಲ್ಲದವರಿಗೆ ಸಿಮ್ಯುಲೇಟರ್ ಬಿಲ್ಡ್ ಬೇಕಾಗುತ್ತದೆ, ಒಂದು ಕಡೆ ಹಳೆಯ 32 ಬಿಟ್ ವಿಂಡೋಸ್ ಇದ್ದರೆ ಇನ್ನೊಂದು ಕಡೆ ಲಿನಕ್ಸ್ ಓಡುವ ಎಆರ್‌ಎಂ ಬೋರ್ಡ್ ಇರುತ್ತದೆ. ಮೂಲ ಕೋಡ್ ಒಂದೇ ಆದರೂ ಹೊರಬರುವ ಬಿಲ್ಡ್‌ಗಳು ಐದಾರು. ಇವುಗಳಲ್ಲಿ ಯಾವುದನ್ನು ಜೋಡಿಸಿದರೂ ಚೀಟಿಯ ತಂತ್ರಾಂಶಕ್ಕೆ ಕಾಣುವ ಎಪಿಐ, ಅಂದರೆ ಲೈಬ್ರರಿಯನ್ನು ಕರೆಯಲು ಬೇಕಾದ ಫಂಕ್ಷನ್ ಮತ್ತು ವಿಧಗಳ ಒಪ್ಪಂದ, ಒಂದೇ ಆಗಿರಬೇಕು. ಬಿಲ್ಡ್ ಸ್ವಿಚ್ಚುಗಳು (ಯಾವ ಕೋಡ್ ಸೇರಬೇಕೆಂದು ಕಂಪೈಲ್ ಮಾಡುವಾಗ ಕೊಡುವ ಆಯ್ಕೆಗಳು) ಲೈಬ್ರರಿಯ ಒಳಗಿನ ಕೆಲಸವನ್ನು ಬದಲಿಸಬಹುದು, ಆದರೆ ಹೊರಗಿನವರು ಓದುವ ಹೆಡರ್ ಫೈಲಿನ ಅರ್ಥವನ್ನು ಎಂದೂ ಬದಲಿಸಬಾರದು. ಈ ಒಂದು ನಿಯಮವನ್ನು ಹಂತ ಹಂತವಾಗಿ ಜಾರಿಗೆ ತರುವುದು ಹೇಗೆ ಎಂಬುದನ್ನೇ ಇಲ್ಲಿ ವಿವರಿಸಿದ್ದೇನೆ.

ಮಾದರಿಯಾಗಿ ಕೊಟ್ಟಿರುವ ಕೋಡ್ ಸಾಲುಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಸಿ ಗೊತ್ತಿರುವವರಿಗೆ ಅವುಗಳನ್ನು ಮೂಲ ರೂಪಕ್ಕೆ ಇಳಿಸಿಕೊಳ್ಳುವುದು ಕಷ್ಟವಾಗದು.

ಮೊದಲ ಹೆಜ್ಜೆ: ಸ್ವಿಚ್ಚುಗಳ ಪಟ್ಟಿ

ಲೈಬ್ರರಿಯ ಎಲ್ಲ ಫೈಲುಗಳಲ್ಲಿ ಇಫ್, ಇಫ್‌ಡೆಫ್, ಇಫ್‌ಎನ್‌ಡೆಫ್ ಇರುವ ಸಾಲುಗಳನ್ನು ಗ್ರೆಪ್ ಮಾಡಿ ಹೊರತೆಗೆಯಿರಿ. ಅವುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳಬೇಕು: ಸೋರ್ಸ್ ಫೈಲಿನ ಒಳಗೆ ಮಾತ್ರ ಇರುವವು, ಲೈಬ್ರರಿಯವರೇ ಬಳಸುವ ಖಾಸಗಿ ಹೆಡರ್‌ನಲ್ಲಿರುವವು, ಮತ್ತು ಗ್ರಾಹಕರ (ಅಂದರೆ ಈ ಲೈಬ್ರರಿಯನ್ನು ಕರೆಯುವ ತಂತ್ರಾಂಶ ಬರೆಯುವವರ) ಕೈಗೆ ಹೋಗುವ ಸಾರ್ವಜನಿಕ ಹೆಡರ್‌ನಲ್ಲಿರುವವು. ಮೊದಲೆರಡು ಗುಂಪುಗಳ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂರನೆಯ ಗುಂಪಿನ ಪ್ರತಿ ಸಾಲಿನ ಮುಂದೆಯೂ ಅದು ಏನನ್ನು ಬದಲಿಸುತ್ತದೆ ಎಂದು ಬರೆದಿಡಿ: ಸ್ಟ್ರಕ್ಟ್‌ನ ಸದಸ್ಯವನ್ನೋ, ಫಂಕ್ಷನ್ ಇರುವಿಕೆಯನ್ನೋ, ಈನಮ್ ಬೆಲೆಯನ್ನೋ, ಅಥವಾ ಕೇವಲ ಡಿಎಲ್‌ಎಲ್ (ವಿಂಡೋಸ್‌ನಲ್ಲಿ ಓಡುವಾಗ ಜೋಡಣೆಯಾಗುವ ಲೈಬ್ರರಿ) ರಫ್ತಿನ ಗುರುತನ್ನೋ. ಈ ಕೊನೆಯದು ಹೆಡರ್‌ನಲ್ಲಿ ಉಳಿಯಲೇಬೇಕು, ಸಿ ಪ್ಲಸ್ ಪ್ಲಸ್‌ನವರಿಗಾಗಿ ಹಾಕುವ ಎಕ್ಸ್‌ಟರ್ನ್ ಸಿ ಕಾವಲೂ ಉಳಿಯಬೇಕು. ಇವೆರಡನ್ನು ಬಿಟ್ಟು ಮಿಕ್ಕವನ್ನೆಲ್ಲ ಒಂದೊಂದಾಗಿ ಹೆಡರ್‌ನಿಂದ ಹೊರಗೆ ಹಾಕುವುದೇ ಮುಂದಿನ ಕೆಲಸ.

ಎರಡನೆಯ ಹೆಜ್ಜೆ: ಸ್ಟ್ರಕ್ಟ್‌ನ ಆಕಾರವನ್ನು ಬಿಗಿಗೊಳಿಸುವುದು

ಅತ್ಯಂತ ದುಬಾರಿ ತಪ್ಪು ಆಗುವುದು ಇಲ್ಲೇ ಆದ್ದರಿಂದ ಒಂದು ಉದಾಹರಣೆಯನ್ನು ಬೈಟ್ ಬೈಟ್ ಬಿಡಿಸಿ ನೋಡೋಣ. ದೋಷ ಹುಡುಕಲು ಅನುಕೂಲವಾಗಲೆಂದು ಯಾರೋ ಸ್ಟ್ರಕ್ಟ್‌ಗೆ ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಇರುವ ಒಂದು ಕ್ರಮಸಂಖ್ಯೆಯನ್ನು ಸೇರಿಸಿದ್ದಾರೆ (ಎನ್‌ಡೀಬಗ್ ಎಂಬುದು ರಿಲೀಸ್ ಬಿಲ್ಡ್‌ನಲ್ಲಿ ಇರುವ ಮ್ಯಾಕ್ರೊ):

ಸ್ಟ್ರಕ್ಟ್ ಕಾಟಾ_ಓದು {
  ಇಂಟ್32 ಒಟ್ಟು_ಕಿಲೋ;
#ಇಫ್‌ಎನ್‌ಡೆಫ್ ಎನ್‌ಡೀಬಗ್
  ಇಂಟ್32 ಕ್ರಮಸಂಖ್ಯೆ;
#ಎಂಡ್‌ಇಫ್
  ಇಂಟ್32 ಖಾಲಿ_ಕಿಲೋ;
  ಇಂಟ್32 ಸ್ಥಿತಿ;
};

ರಿಲೀಸ್ ಬಿಲ್ಡ್‌ನಲ್ಲಿ ಇದರ ಗಾತ್ರ 12 ಬೈಟ್. ಖಾಲಿ ಗಾಡಿಯ ತೂಕ 4ನೇ ಬೈಟಿನಿಂದ ಶುರುವಾಗುತ್ತದೆ. ಡೀಬಗ್ ಬಿಲ್ಡ್‌ನಲ್ಲಿ ಗಾತ್ರ 16 ಬೈಟ್. 4ನೇ ಬೈಟಿನಲ್ಲಿ ಕ್ರಮಸಂಖ್ಯೆ ಕುಳಿತಿರುತ್ತದೆ, ಖಾಲಿ ತೂಕ 8ನೇ ಬೈಟಿಗೆ ಸರಿದಿರುತ್ತದೆ. ಈಗ ಚೀಟಿಯ ತಂತ್ರಾಂಶ ರಿಲೀಸ್ ಆಗಿದ್ದು, ದೋಷ ಪರೀಕ್ಷೆಗೆಂದು ಹಾಕಿದ ಡೀಬಗ್ ಲೈಬ್ರರಿ ಕಾರ್ಖಾನೆಯ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿದೆ ಎಂದುಕೊಳ್ಳಿ. ಒಟ್ಟು ತೂಕ 18,460 ಕಿಲೋ, ಖಾಲಿ ಗಾಡಿ 6,120 ಕಿಲೋ. ನಿವ್ವಳ ಕಬ್ಬು 12,340 ಕಿಲೋ ಬರಬೇಕು. ಆದರೆ ಲೈಬ್ರರಿ ತನ್ನ ಲೆಕ್ಕದಂತೆ 4ನೇ ಬೈಟಿನಲ್ಲಿ ಕ್ರಮಸಂಖ್ಯೆ 37 ಎಂದು ಬರೆದಿದೆ, ತಂತ್ರಾಂಶ ಅದನ್ನೇ ಖಾಲಿ ಗಾಡಿಯ ತೂಕವೆಂದು ಓದಿ 18,423 ಕಿಲೋ ಎಂದು ಚೀಟಿ ಮುದ್ರಿಸುತ್ತದೆ. ಅಷ್ಟೇ ಅಲ್ಲದೆ, ತಂತ್ರಾಂಶ ಕಾದಿರಿಸಿದ್ದು 12 ಬೈಟ್ ಜಾಗ, ಲೈಬ್ರರಿ ಬರೆದದ್ದು 16 ಬೈಟ್. ಹೆಚ್ಚಿನ 4 ಬೈಟುಗಳು ಪಕ್ಕದಲ್ಲಿದ್ದ ಬೇರೆ ಯಾವುದೋ ವೇರಿಯೇಬಲ್ ಮೇಲೆ ಹೋಗಿ ಬಿದ್ದಿವೆ. ಕಂಪೈಲರ್ ಎಚ್ಚರಿಸಲಿಲ್ಲ, ಏಕೆಂದರೆ ಅದು ಒಂದು ಸಲಕ್ಕೆ ಒಂದು ಕಡೆಯನ್ನು ಮಾತ್ರ ನೋಡುತ್ತದೆ. ಲಿಂಕರ್ ಕೂಡ ಎಚ್ಚರಿಸಲಿಲ್ಲ, ಏಕೆಂದರೆ ಸಿ ಭಾಷೆಯಲ್ಲಿ ಅದು ಹೊಂದಿಸಿ ನೋಡುವುದು ಫಂಕ್ಷನ್ನಿನ ಹೆಸರನ್ನಷ್ಟೇ. ಸಿ ಪ್ಲಸ್ ಪ್ಲಸ್‌ನಲ್ಲಿಯೂ ಹೆಸರಿನೊಳಗೆ ಸೇರುವುದು ಸ್ಟ್ರಕ್ಟ್‌ನ ಹೆಸರೇ ಹೊರತು ಅದರ ಒಳರಚನೆಯಲ್ಲ.

ಇಂಥ ತೂಕದ ಚೀಟಿಯ ಮೇಲೆಯೇ ಬೆಳೆಗಾರನ ಹಣದ ಲೆಕ್ಕ ನಿಲ್ಲುವುದರಿಂದ, ಇದನ್ನು ಬರೇ ಕೋಡಿನ ಅಚ್ಚುಕಟ್ಟಿನ ಪ್ರಶ್ನೆ ಎಂದು ನಾನು ಒಪ್ಪುವುದಿಲ್ಲ.

ಪರಿಹಾರ ಎರಡು ಬಗೆಯದು. ಸಣ್ಣ ಸ್ಟ್ರಕ್ಟ್ ಆದರೆ ಕ್ರಮಸಂಖ್ಯೆಯನ್ನು ಎಲ್ಲ ಬಿಲ್ಡ್‌ಗಳಲ್ಲೂ ಇಟ್ಟುಬಿಡಿ. ರಿಲೀಸ್‌ನಲ್ಲಿ ಅದರ ಬೆಲೆ ಸೊನ್ನೆಯಾಗಿರಲಿ. 4 ಬೈಟ್ ಉಳಿಸಲು ಹೋಗಿ ಇಷ್ಟು ಅಪಾಯ ಹೊರುವುದು ಯಾವ ಲೆಕ್ಕದಲ್ಲೂ ಸರಿಹೊಂದದು. ಬಳಿಕ ಗಾತ್ರ ಮತ್ತು ಸ್ಥಾನಗಳನ್ನು ಸ್ಟ್ಯಾಟಿಕ್ ಅಸರ್ಟ್ (ಷರತ್ತು ತಪ್ಪಿದರೆ ಕಂಪೈಲ್ ನಿಲ್ಲಿಸುವ ಸಾಲು) ಮೂಲಕ ಹೆಡರ್‌ನಲ್ಲೇ ಕಟ್ಟಿಹಾಕಿ. ಸಿ11 ಮತ್ತು ಸಿ ಪ್ಲಸ್ ಪ್ಲಸ್ 11ರಿಂದ ಈ ಸೌಲಭ್ಯ ಭಾಷೆಯಲ್ಲೇ ಇದೆ:

ಸ್ಟ್ಯಾಟಿಕ್_ಅಸರ್ಟ್(ಸೈಜ್‌ಆಫ್(ಸ್ಟ್ರಕ್ಟ್ ಕಾಟಾ_ಓದು) == 16, "ಕಾಟಾ_ಓದು ಗಾತ್ರ ಬದಲಾಗಿದೆ");
ಸ್ಟ್ಯಾಟಿಕ್_ಅಸರ್ಟ್(ಆಫ್‌ಸೆಟ್‌ಆಫ್(ಸ್ಟ್ರಕ್ಟ್ ಕಾಟಾ_ಓದು, ಖಾಲಿ_ಕಿಲೋ) == 8, "ಖಾಲಿ_ಕಿಲೋ ಸ್ಥಾನ ಬದಲಾಗಿದೆ");

ಹೆಡರ್ ಗ್ರಾಹಕರ ಬಿಲ್ಡ್‌ನಲ್ಲೂ ಕಂಪೈಲ್ ಆಗುವುದರಿಂದ, ಅವರ ಸ್ವಿಚ್ಚುಗಳಲ್ಲಿ ವ್ಯತ್ಯಾಸವಿದ್ದರೆ ಅವರ ಕಡೆಯೇ ಕಂಪೈಲ್ ನಿಲ್ಲುತ್ತದೆ.

ಸ್ಟ್ರಕ್ಟ್ ದೊಡ್ಡದಾಗಿದ್ದು ಮುಂದೆ ಬೆಳೆಯುವಂತಿದ್ದರೆ ಎರಡನೆಯ ಮಾರ್ಗ ಹಿಡಿಯಿರಿ: ಹೆಡರ್‌ನಲ್ಲಿ ಸ್ಟ್ರಕ್ಟ್‌ನ ಹೆಸರನ್ನಷ್ಟೇ ಘೋಷಿಸಿ, ಒಳರಚನೆಯನ್ನು ಸೋರ್ಸ್ ಫೈಲಿನಲ್ಲಿ ಇಟ್ಟುಕೊಂಡು, ಗ್ರಾಹಕರಿಗೆ ಪಾಯಿಂಟರ್ ಮತ್ತು ಅದನ್ನು ಓದುವ ಫಂಕ್ಷನ್‌ಗಳನ್ನು ಮಾತ್ರ ಕೊಡಿ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ಲೈಬ್ರರಿ 2016ರಲ್ಲಿ 1.1.0 ಆವೃತ್ತಿಯಲ್ಲಿ ತನ್ನ ಬಹುತೇಕ ಸ್ಟ್ರಕ್ಟ್‌ಗಳನ್ನು ಹೀಗೆ ಮುಚ್ಚಿತು. ಒಳಗಿನ ಸದಸ್ಯರನ್ನು ನೇರವಾಗಿ ಮುಟ್ಟುತ್ತಿದ್ದ ತಂತ್ರಾಂಶಗಳನ್ನೆಲ್ಲ ಆಗ ತಿದ್ದಬೇಕಾಯಿತು. ಆ ಕಷ್ಟ ಬೇಡವೆಂದರೆ ಮೊದಲ ಆವೃತ್ತಿಯಲ್ಲೇ ಮುಚ್ಚಿಡುವುದು ಒಳ್ಳೆಯದು.

ಸಿ ಪ್ಲಸ್ ಪ್ಲಸ್ ಬಳಸುವವರು ಇನ್ನೂ ಒಂದನ್ನು ಗಮನಿಸಬೇಕು. ಹಲವು ವರ್ಚುವಲ್ ಫಂಕ್ಷನ್‌ಗಳಿರುವ ಕ್ಲಾಸಿನಲ್ಲಿ ಅಂಥ ಒಂದನ್ನು ಇಫ್‌ಡೆಫ್ ಒಳಗೆ ಇಟ್ಟರೆ ಕ್ಲಾಸಿನ ಗಾತ್ರ ಬದಲಾಗುವುದಿಲ್ಲ, ಆದರೆ ಆ ಫಂಕ್ಷನ್‌ಗಳ ವಿಳಾಸಗಳಿರುವ ವಿ-ಟೇಬಲ್‌ನಲ್ಲಿ ಅದರ ನಂತರದ ಫಂಕ್ಷನ್‌ಗಳೆಲ್ಲ ಒಂದೊಂದು ಸ್ಥಾನ ಸರಿಯುತ್ತವೆ. ತೂಕ ಓದಲು ಕರೆದರೆ ಸೊನ್ನೆ ಹೊಂದಿಸುವ ಫಂಕ್ಷನ್ ಓಡಬಹುದು. ಗಾತ್ರದ ಪರೀಕ್ಷೆ ಇದನ್ನು ಹಿಡಿಯಲಾರದು.

ಮೂರನೆಯ ಹೆಜ್ಜೆ: ಯಾವ ಫಂಕ್ಷನ್ನೂ ಮಾಯವಾಗಬಾರದು

ಪ್ರಿಂಟರ್ ಸೌಲಭ್ಯವಿಲ್ಲದ ಬಿಲ್ಡ್‌ನಲ್ಲಿ ಕಾಟಾ_ಮುದ್ರಿಸು ಎಂಬ ಫಂಕ್ಷನ್ನನ್ನೇ ತೆಗೆದುಹಾಕುವುದು ಸಹಜವೆಂದು ತೋರುತ್ತದೆ. ಅದರ ಫಲವೇನೆಂದರೆ, ಗ್ರಾಹಕರೂ ತಮ್ಮ ಕೋಡಿನಲ್ಲಿ ಅದೇ ಇಫ್‌ಡೆಫ್ ಬರೆಯಬೇಕಾಗುತ್ತದೆ, ನಿಮ್ಮ ಬಿಲ್ಡ್ ಸ್ವಿಚ್ಚು ಅವರ ಊರಿಗೂ ಹರಡುತ್ತದೆ, ಮತ್ತು ಡಿಎಲ್‌ಎಲ್ ಬದಲಿಸಿದ ದಿನ ಅವರ ತಂತ್ರಾಂಶ ಶುರುವೇ ಆಗದೆ ನಿಲ್ಲುತ್ತದೆ. ಬದಲಿಗೆ ಫಂಕ್ಷನ್ ಎಲ್ಲ ಬಿಲ್ಡ್‌ಗಳಲ್ಲೂ ಇರಲಿ. ಸೌಲಭ್ಯ ಇಲ್ಲದ ಕಡೆ ಅದು ಕಾಟಾ_ಈ_ಬಿಲ್ಡ್‌ನಲ್ಲಿ_ಇಲ್ಲ ಎಂಬ ನಿರ್ದಿಷ್ಟ ದೋಷಸಂಖ್ಯೆಯನ್ನು ಹಿಂದಿರುಗಿಸಲಿ. ಈ ಸಂಖ್ಯೆಯನ್ನು "ಪ್ರಿಂಟರ್ ಸಿಗಲಿಲ್ಲ" ಎಂಬುದಕ್ಕೆ ಬಳಸಬೇಡಿ. ಮೊದಲನೆಯದಕ್ಕೆ ಬೇರೆ ಲೈಬ್ರರಿ ಹಾಕಬೇಕು, ಎರಡನೆಯದಕ್ಕೆ ಕೇಬಲ್ ನೋಡಬೇಕು. ರಾತ್ರಿ ಪಾಳಿಯಲ್ಲಿ ಕಾಟಾ ಕೋಣೆಯಲ್ಲಿರುವವರಿಗೆ ಆ ವ್ಯತ್ಯಾಸ ತಿಳಿಯಲೇಬೇಕು.

ಜಾಲದ ಮೂಲಕ ಫೈಲು ಸಾಗಿಸುವ ಕರ್ಲ್ ಯೋಜನೆಯ ಲೈಬ್ರರಿ ಈ ವಿಷಯದಲ್ಲಿ ಒಳ್ಳೆಯ ಮಾದರಿ. ಬಿಲ್ಡ್ ಮಾಡುವಾಗ ಕೈಬಿಟ್ಟ ಸೌಲಭ್ಯವನ್ನು ಕೇಳಿದರೆ "ಇದು ಒಳಗೆ ಸೇರಿಲ್ಲ" ಎಂದು ತಿಳಿಸಲು ಅದು 4 ಎಂಬ ದೋಷಸಂಖ್ಯೆಯನ್ನು ಮೀಸಲಿಟ್ಟಿದೆ. ಯಾವ ಸೌಲಭ್ಯಗಳು ಸೇರಿವೆ ಎಂದು ಓಡುತ್ತಿರುವಾಗಲೇ ವಿಚಾರಿಸಲು ಬೇರೆ ಫಂಕ್ಷನ್ ಕೊಟ್ಟಿದೆ. ಎಸ್‌ಕ್ಯೂಲೈಟ್ ಸಹ ತನ್ನನ್ನು ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಲಾಗಿದೆ ಎಂದು ಹೇಳುವ ಫಂಕ್ಷನ್‌ಗಳನ್ನು ಒದಗಿಸುತ್ತದೆ. ನೀವೂ ಕಾಟಾ_ಸೌಲಭ್ಯ_ಇದೆಯೇ ಎಂಬ ಫಂಕ್ಷನ್ ಬರೆಯಿರಿ. ಗ್ರಾಹಕರು ಇಫ್‌ಡೆಫ್ ಬದಲು ಸಾಮಾನ್ಯ ಇಫ್ ಬರೆದು ಮುದ್ರಣದ ಬಟನ್ನನ್ನು ಮಸುಕು ಮಾಡಿಕೊಳ್ಳಬಹುದು.

ಲಿನಕ್ಸ್ ಕರ್ನಲ್ ಓದಿದವರಿಗೆ ಒಂದು ಸಂದೇಹ ಬರಬಹುದು. ಅಲ್ಲಿ ಸೌಲಭ್ಯ ಇಲ್ಲದಾಗ ಹೆಡರ್‌ನಲ್ಲಿಯೇ ಖಾಲಿ ಇನ್‌ಲೈನ್ ಫಂಕ್ಷನ್ ಇಡುವ ಪದ್ಧತಿಯಿದೆ. ಸೋರ್ಸ್ ಫೈಲಿನಲ್ಲಿ ಇಫ್‌ಡೆಫ್ ಹರಡಬಾರದೆಂದು ಅದರ ಕೋಡಿಂಗ್ ಶೈಲಿಯ ದಾಖಲೆಯೇ ಹೇಳುತ್ತದೆ. ಕರ್ನಲ್ ಮತ್ತು ಅದರ ಮಾಡ್ಯೂಲ್‌ಗಳು ಒಂದೇ ಕಾನ್ಫಿಗರೇಶನ್‌ನಿಂದ ಒಟ್ಟಿಗೆ ಬಿಲ್ಡ್ ಆಗುವುದರಿಂದ ಅಲ್ಲಿ ಆ ಕ್ರಮ ಸರಿಯಾದದ್ದು. ಲೈಬ್ರರಿಯೂ ತಂತ್ರಾಂಶವೂ ಬೇರೆ ಬೇರೆ ಕಡೆ ಬಿಲ್ಡ್ ಆಗುವಲ್ಲಿ ಆ ಖಾಲಿ ಫಂಕ್ಷನ್ ಗ್ರಾಹಕರ ಬೈನರಿಯೊಳಗೆ ಹೋಗಿ ಕುಳಿತುಬಿಡುತ್ತದೆ. ಮುಂದೆ ಪೂರ್ಣ ಸೌಲಭ್ಯದ ಲೈಬ್ರರಿ ಹಾಕಿದರೂ ಅವರಿಗೆ ಅದು ಸಿಗುವುದಿಲ್ಲ. ಆದ್ದರಿಂದ ನಿಮ್ಮ ಖಾಲಿ ಫಂಕ್ಷನ್ ಸೋರ್ಸ್ ಫೈಲಿನಲ್ಲೇ ಇರಬೇಕು.

ನಾಲ್ಕನೆಯ ಹೆಜ್ಜೆ: ಈನಮ್ ಬೆಲೆಗಳು

ಇದು ಚಿಕ್ಕ ಕೆಲಸ. ಪ್ರತಿ ಈನಮ್ ಹೆಸರಿಗೂ ಸಂಖ್ಯೆಯನ್ನು ಕೈಯಾರೆ ಬರೆಯಿರಿ, ಯಾವುದನ್ನೂ ಇಫ್‌ಡೆಫ್ ಒಳಗೆ ಇಡಬೇಡಿ, ಕೈಬಿಟ್ಟ ಸಂಖ್ಯೆಯನ್ನು ಬೇರೆ ಹೆಸರಿಗೆ ಮರಳಿ ಕೊಡಬೇಡಿ. ಸಂಖ್ಯೆ ಬರೆಯದೆ ಬಿಟ್ಟರೆ ನಡುವಿನ ಒಂದು ಹೆಸರು ಮರೆಯಾದ ಬಿಲ್ಡ್‌ನಲ್ಲಿ ಅದರ ಕೆಳಗಿನವುಗಳ ಬೆಲೆಯೆಲ್ಲ ಒಂದೊಂದು ಕಡಿಮೆಯಾಗುತ್ತದೆ.

ಐದನೆಯ ಹೆಜ್ಜೆ: ಅಸರ್ಟ್ ಇದ್ದಾಗಲೂ ಇಲ್ಲದಾಗಲೂ ಅದೇ ನಡವಳಿಕೆ

ಹೆಡರ್ ಒಂದೇ ಇದ್ದರೂ ನಡವಳಿಕೆ ಬೇರೆಯಾದರೆ ಗ್ರಾಹಕರಿಗೆ ಅದು ಬೇರೆ ಎಪಿಐಯೇ. ಎನ್‌ಡೀಬಗ್ ಮ್ಯಾಕ್ರೊ ಇದ್ದಾಗ, ಷರತ್ತು ಸುಳ್ಳಾದರೆ ಪ್ರೋಗ್ರಾಂ ನಿಲ್ಲಿಸಬೇಕಾದ ಅಸರ್ಟ್ ಏನನ್ನೂ ಮಾಡುವುದಿಲ್ಲ, ಅದರ ಆವರಣದೊಳಗೆ ಬರೆದದ್ದು ಓಡುವುದೂ ಇಲ್ಲ. ಅಸರ್ಟ್(ಪೋರ್ಟ್_ತೆರೆ(ಕ) == 0) ಎಂದು ಬರೆದರೆ ರಿಲೀಸ್ ಬಿಲ್ಡ್‌ನಲ್ಲಿ ಸೀರಿಯಲ್ ಪೋರ್ಟ್ ತೆರೆಯುವುದೇ ಇಲ್ಲ. ಇಂಥ ಸಾಲುಗಳನ್ನು ಹುಡುಕಿ, ಕರೆಯನ್ನು ಹೊರಗೆ ತಂದು, ಫಲಿತಾಂಶವನ್ನು ವೇರಿಯೇಬಲ್‌ನಲ್ಲಿ ಹಿಡಿದುಕೊಂಡು ಪರೀಕ್ಷಿಸಿ.

ಇನ್ನೊಂದು ನಿಯಮವೂ ಮುಖ್ಯ. ಗ್ರಾಹಕರು ಕೊಟ್ಟ ಮೌಲ್ಯವನ್ನು ಅಸರ್ಟ್‌ನಿಂದ ಪರೀಕ್ಷಿಸಬಾರದು. ನಲ್ ಪಾಯಿಂಟರ್ ಬಂದಾಗ ಡೀಬಗ್ ಬಿಲ್ಡ್ ನಿಂತುಹೋಗುವುದು, ರಿಲೀಸ್ ಬಿಲ್ಡ್ ಕಸ ತೂಕ ಕೊಡುವುದು ಎಂದಾದರೆ, ದಾಖಲೆಯಲ್ಲಿ ಯಾವುದನ್ನು ಬರೆಯುತ್ತೀರಿ? ಸಾರ್ವಜನಿಕ ಫಂಕ್ಷನ್ನಿನ ಮೊದಲ ಸಾಲುಗಳಲ್ಲಿ ಎಲ್ಲ ಬಿಲ್ಡ್‌ಗಳಲ್ಲೂ ಓಡುವ ಪರೀಕ್ಷೆ ಇಟ್ಟು ದೋಷಸಂಖ್ಯೆ ಹಿಂದಿರುಗಿಸಿ. ಅಸರ್ಟ್ ನಿಮ್ಮ ಒಳಗಿನ ತರ್ಕವನ್ನು ಕಾಯುವುದಕ್ಕಷ್ಟೇ ಮೀಸಲಾಗಿರಲಿ.

ಆರನೆಯ ಹೆಜ್ಜೆ: ಕೇಳದೆ ಬರುವ ಸ್ವಿಚ್ಚುಗಳು

ಕೆಲವು ವ್ಯತ್ಯಾಸಗಳನ್ನು ನೀವು ಬರೆದಿರುವುದಿಲ್ಲ. ಕಂಪೈಲರ್, ಲೈಬ್ರರಿ ಮತ್ತು ಆಪರೇಟಿಂಗ್ ಸಿಸ್ಟಮ್ ತಂದಿರುತ್ತವೆ. ಲಾಂಗ್ ಎಂಬ ವಿಧ 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್. ಕ್ಯಾರ್ ಎಂಬುದು ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಎಆರ್‌ಎಂ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. 32 ಬಿಟ್ ಲಿನಕ್ಸ್‌ನಲ್ಲಿ ಫೈಲ್ ಸ್ಥಾನದ ವಿಧ 4 ಬೈಟೋ 8 ಬೈಟೋ ಎಂಬುದು ಒಂದು ಮ್ಯಾಕ್ರೊ ಮೇಲೆ ನಿಂತಿದೆ. 2021ರಲ್ಲಿ ಬಂದ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ 2.34ರಿಂದ ಸಮಯದ ವಿಧಕ್ಕೂ ಅಂಥದೇ ಮ್ಯಾಕ್ರೊ ಇದೆ, ಏಕೆಂದರೆ 32 ಬಿಟ್ ಸಮಯದ ಎಣಿಕೆ 2038ರ ಜನವರಿಯಲ್ಲಿ ಮುಗಿಯುತ್ತದೆ. ಸಾರ್ವಜನಿಕ ಹೆಡರ್‌ನಲ್ಲಿ ಈ ಯಾವ ವಿಧವನ್ನೂ ನೇರವಾಗಿ ಬಳಸಬೇಡಿ. ತೂಕಕ್ಕೆ 32 ಬಿಟ್ ಪೂರ್ಣಾಂಕ, ಸಮಯಕ್ಕೆ 64 ಬಿಟ್ ಪೂರ್ಣಾಂಕ ಎಂದು ಅಗಲವನ್ನು ಹೆಸರಿನಲ್ಲೇ ಹೇಳುವ ವಿಧಗಳು ಸಾಕು.

ಸಿ ಪ್ಲಸ್ ಪ್ಲಸ್‌ನ ಸ್ಟ್ರಿಂಗ್, ವೆಕ್ಟರ್ ಮುಂತಾದವನ್ನು ಲೈಬ್ರರಿಯ ಗಡಿ ದಾಟಿಸುವುದು ಇನ್ನೂ ಅಪಾಯಕಾರಿ. ವಿಷುವಲ್ ಸ್ಟುಡಿಯೋದಲ್ಲಿ ಇಟರೇಟರ್ ತಪಾಸಣೆಯ ಮಟ್ಟ ಡೀಬಗ್‌ಗೆ 2, ರಿಲೀಸ್‌ಗೆ 0 ಇರುತ್ತದೆ, ಮಟ್ಟ ಬದಲಾದರೆ ವೆಕ್ಟರ್‌ನ ರಚನೆಯೂ ಬದಲಾಗುತ್ತದೆ. ಸ್ಟ್ಯಾಟಿಕ್ ಲೈಬ್ರರಿಯಾದರೆ ಲಿಂಕರ್ ಈ ಹೊಂದಾಣಿಕೆಯಿಲ್ಲದ್ದನ್ನು ಹಿಡಿದು ನಿಲ್ಲಿಸುತ್ತದೆ. ಡಿಎಲ್‌ಎಲ್ ಆದರೆ ಆ ರಕ್ಷಣೆ ಇಲ್ಲ. ಜಿಸಿಸಿಯ ಡೀಬಗ್ ಮೋಡ್ ಮ್ಯಾಕ್ರೊ ಕೂಡ ಕಂಟೇನರ್‌ಗಳ ರಚನೆಯನ್ನು ಬದಲಿಸುತ್ತದೆ, ಆದರೆ ಕೇವಲ ತಪಾಸಣೆ ಸೇರಿಸುವ ಅಸರ್ಶನ್ಸ್ ಮ್ಯಾಕ್ರೊ ಬದಲಿಸುವುದಿಲ್ಲ. ಮಿಶ್ರ ಬಿಲ್ಡ್ ಅನಿವಾರ್ಯವಾದಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಿ. ನನ್ನ ಸಲಹೆಯೆಂದರೆ ಒಳಗೆ ಎಷ್ಟು ಬೇಕಾದರೂ ಸಿ ಪ್ಲಸ್ ಪ್ಲಸ್ ಬಳಸಿ, ಗಡಿಯಲ್ಲಿ ಮಾತ್ರ ಸಾದಾ ಸಿ ಇರಲಿ.

ಏಳನೆಯ ಹೆಜ್ಜೆ: ಸಿಮೇಕ್‌ನಲ್ಲಿ ಖಾಸಗಿ ಯಾವುದು, ಸಾರ್ವಜನಿಕ ಯಾವುದು

ಬಿಲ್ಡ್ ಸಿದ್ಧಪಡಿಸುವ ಸಾಧನವಾದ ಸಿಮೇಕ್‌ನ ರಿಲೀಸ್ ಬಿಲ್ಡ್‌ನಲ್ಲಿ ಎನ್‌ಡೀಬಗ್ ತಾನಾಗಿಯೇ ಸೇರುತ್ತದೆ. ರಿಲ್‌ವಿತ್‌ಡೆಬ್‌ಇನ್ಫೋ ಎಂಬ ಬಿಲ್ಡ್‌ನ ಹೆಸರಿನಲ್ಲಿ ಡೀಬಗ್ ಮಾಹಿತಿ ಎಂದಿದ್ದರೂ ಅಲ್ಲಿಯೂ ಎನ್‌ಡೀಬಗ್ ಇರುತ್ತದೆ. ಬಿಲ್ಡ್ ಬಗೆಯನ್ನೇ ಹೇಳದೆ ಮೇಕ್‌ಫೈಲ್ ತಯಾರಿಸಿದರೆ ಅದು ಇರುವುದಿಲ್ಲ. ಕಾಲೇಜಿನ ಪ್ರಾಜೆಕ್ಟ್‌ಗಳಲ್ಲಿ ಮೂರನೆಯ ಸ್ಥಿತಿಯೇ ಹೆಚ್ಚು ಕಾಣುತ್ತದೆ, ಆದ್ದರಿಂದ ವಿದ್ಯಾರ್ಥಿಗಳು ಬಿಲ್ಡ್ ಬಗೆಯನ್ನು ಪ್ರೀಸೆಟ್ ಫೈಲಿನಲ್ಲಿ ಬರೆದಿಡುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳಬೇಕು.

ಲೈಬ್ರರಿಯ ಸ್ವಿಚ್ಚುಗಳನ್ನು ಟಾರ್ಗೆಟ್‌ಗೆ ಸೇರಿಸುವಾಗ ಪ್ರೈವೇಟ್ ಎಂದೇ ಸೇರಿಸಿ. ಪಬ್ಲಿಕ್ ಎಂದು ಬರೆದರೆ ಸಿಮೇಕ್ ಬಳಸುವ ಗ್ರಾಹಕರಿಗೆ ಅದೇ ಸ್ವಿಚ್ಚು ಹರಿದು ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ, ಕೈಯಾರೆ ಲಿಂಕ್ ಮಾಡುವ ಗ್ರಾಹಕರಿಗೆ ಅದು ತಲುಪುವುದೇ ಇಲ್ಲ. ಪ್ರೈವೇಟ್ ಮಾಡಿದ ಮೇಲೆ ಯಾವುದಾದರೂ ಕಂಪೈಲ್ ಮುರಿದರೆ ಒಳ್ಳೆಯದೇ ಆಯಿತು: ಮೊದಲ ಹೆಜ್ಜೆಯಲ್ಲಿ ಕಣ್ತಪ್ಪಿದ ಸಾಲು ತಾನಾಗಿ ಹೊರಬಂತು.

ಎಂಟನೆಯ ಹೆಜ್ಜೆ: ಓಡುವಾಗ ಪರಸ್ಪರ ಗುರುತು

ಇಷ್ಟೆಲ್ಲ ಮಾಡಿದರೂ ಹಳೆಯ ಹೆಡರ್ ಹಿಡಿದು ಬಿಲ್ಡ್ ಮಾಡಿದ ತಂತ್ರಾಂಶ ಹೊಸ ಲೈಬ್ರರಿಯನ್ನು ಕರೆಯುವ ಸಂದರ್ಭ ಬಂದೇ ಬರುತ್ತದೆ. ದತ್ತಾಂಶ ಕುಗ್ಗಿಸುವ ಝೀಲಿಬ್ ಲೈಬ್ರರಿ ಇದಕ್ಕೆ ಬಹಳ ಸರಳವಾದ ಉಪಾಯ ಮಾಡಿದೆ. ಅದರಲ್ಲಿ ಕೆಲಸ ಆರಂಭಿಸುವ ಕರೆ ವಾಸ್ತವದಲ್ಲಿ ಒಂದು ಮ್ಯಾಕ್ರೊ. ಅದು ಹೆಡರ್‌ನಲ್ಲಿರುವ ಆವೃತ್ತಿಯನ್ನೂ ಗ್ರಾಹಕರ ಕಡೆಯ ಸ್ಟ್ರಕ್ಟ್ ಗಾತ್ರವನ್ನೂ ಸೇರಿಸಿ ನಿಜವಾದ ಫಂಕ್ಷನ್‌ಗೆ ಕಳಿಸುತ್ತದೆ, ಹೊಂದದಿದ್ದರೆ ಲೈಬ್ರರಿ ಆವೃತ್ತಿ ದೋಷ ಹೇಳಿ ಕೆಲಸ ನಿರಾಕರಿಸುತ್ತದೆ. ನಮ್ಮಲ್ಲಿ ಅದು ಹೀಗೆ ಬರುತ್ತದೆ:

#ಡಿಫೈನ್ ಕಾಟಾ_ತೆರೆ(ಪೋರ್ಟ್) ಕಾಟಾ_ತೆರೆ_ಒಳ(ಪೋರ್ಟ್, ಕಾಟಾ_ಆವೃತ್ತಿ, ಸೈಜ್‌ಆಫ್(ಸ್ಟ್ರಕ್ಟ್ ಕಾಟಾ_ಓದು))

ಎರಡನೆಯ ಹೆಜ್ಜೆಯಲ್ಲಿ ಕಂಡ 12 ಮತ್ತು 16ರ ಜಗಳ ಇದ್ದಿದ್ದರೆ, ಮೊದಲ ಟ್ರ್ಯಾಕ್ಟರ್ ಕಾಟಾ ಏರುವ ಮುಂಚೆ ತಂತ್ರಾಂಶ ನಿಲ್ಲುತ್ತಿತ್ತು. ನಿಂತ ಕಾಟಾದ ಮುಂದೆ ಸಾಲು ಬೆಳೆಯುತ್ತದೆ ನಿಜ, ಆದರೆ ತಪ್ಪು ಚೀಟಿ ಕೊಡುವುದಕ್ಕಿಂತ ನಿಲ್ಲುವುದು ಮೇಲು.

ಒಂಬತ್ತನೆಯ ಹೆಜ್ಜೆ: ಪ್ರತಿ ಬಿಲ್ಡ್ ಅನ್ನೂ ಯಂತ್ರದಿಂದ ಹೋಲಿಸುವುದು

ಕಣ್ಣಿನಿಂದ ಕಾಯುವುದು ಎರಡು ತಿಂಗಳು ನಡೆಯುತ್ತದೆ, ಬಳಿಕ ಸಡಿಲವಾಗುತ್ತದೆ. ಆದ್ದರಿಂದ ನಾಲ್ಕು ತಪಾಸಣೆಗಳನ್ನು ಸಿಐಗೆ (ಪ್ರತಿ ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆಗೆ) ಹಾಕಿ. ಮೊದಲನೆಯದು, ಸಾರ್ವಜನಿಕ ಹೆಡರನ್ನು ಪ್ರತಿ ಕಾನ್ಫಿಗರೇಶನ್‌ನಲ್ಲೂ ಪ್ರೀಪ್ರೊಸೆಸರ್ ಮೂಲಕ ಮಾತ್ರ ಹಾಯಿಸಿ, ಒಂದೇ ಯಂತ್ರದ ಬಿಲ್ಡ್‌ಗಳ ಫಲಿತಾಂಶಗಳನ್ನು ಡಿಫ್ ಮಾಡುವುದು. ವ್ಯತ್ಯಾಸ ಸೊನ್ನೆ ಇರಬೇಕು. ಸಾರ್ವಜನಿಕ ಹೆಡರ್‌ನೊಳಗೆ ಅಸರ್ಟ್‌ನ ಹೆಡರ್ ಸೇರಿಸದಿದ್ದರೆ ಈ ಹೋಲಿಕೆ ಶುದ್ಧವಾಗಿ ಬರುತ್ತದೆ. ಎರಡನೆಯದು, ಎನ್‌ಎಂ ಆದೇಶದಿಂದ ರಫ್ತಾದ ಹೆಸರುಗಳ ಪಟ್ಟಿ ತೆಗೆದು, ರೆಪೊದಲ್ಲಿ ಇಟ್ಟ ಪಟ್ಟಿಯೊಂದಿಗೆ ಹೋಲಿಸುವುದು. ಮೂರನೆಯದು, ಲಿನಕ್ಸ್‌ನಲ್ಲಿ ಎಬಿಐಡಿಫ್ ಓಡಿಸುವುದು. ಅದು ಡೀಬಗ್ ಮಾಹಿತಿಯನ್ನು ಓದಿ ಸ್ಟ್ರಕ್ಟ್‌ನ ಸದಸ್ಯ ಎಷ್ಟು ಸರಿದಿದೆ ಎಂಬುದನ್ನೂ ತೋರಿಸುವುದರಿಂದ, ರಿಲೀಸ್ ಬಿಲ್ಡ್‌ಗೂ ಆ ಮಾಹಿತಿ ಸೇರಿಸಿಯೇ ಕಂಪೈಲ್ ಮಾಡಬೇಕು.

ನಾಲ್ಕನೆಯದು ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿದೆ. ಗ್ರಾಹಕರಂತೆ ಲೈಬ್ರರಿಯನ್ನು ಬಳಸುವ ಒಂದು ಪುಟ್ಟ ಪ್ರೋಗ್ರಾಂ ಬರೆದು, ಅದರ ಡೀಬಗ್ ಬಿಲ್ಡ್ ಅನ್ನು ರಿಲೀಸ್ ಲೈಬ್ರರಿಯ ಜೊತೆಗೂ, ರಿಲೀಸ್ ಬಿಲ್ಡ್ ಅನ್ನು ಡೀಬಗ್ ಲೈಬ್ರರಿಯ ಜೊತೆಗೂ ಅಡ್ಡಡ್ಡ ಜೋಡಿಸಿ ಓಡಿಸಬೇಕು. ಸಿಮ್ಯುಲೇಟರ್‌ನಿಂದ 18,460 ಮತ್ತು 6,120 ಕಳಿಸಿದಾಗ ಎಲ್ಲ ಜೋಡಿಗಳಲ್ಲೂ 12,340 ಬರಲೇಬೇಕು.

ಸ್ವಿಚ್ಚುಗಳು ಆರಾದರೆ ಜೋಡಣೆಗಳು 64, ಹತ್ತಾದರೆ 1,024. ಎಲ್ಲವನ್ನೂ ಪ್ರತಿ ಬದಲಾವಣೆಗೆ ಓಡಿಸಲಾಗದು. ಎಲ್ಲ ಸ್ವಿಚ್ಚು ಹಾಕಿದ ಬಿಲ್ಡ್, ಎಲ್ಲ ತೆಗೆದ ಬಿಲ್ಡ್, ಒಂದೊಂದನ್ನೇ ತೆಗೆದ ಬಿಲ್ಡ್‌ಗಳು ಮತ್ತು ಗ್ರಾಹಕರಿಗೆ ನಿಜವಾಗಿ ಕಳಿಸುವ ಬಿಲ್ಡ್‌ಗಳು ಇಷ್ಟಿದ್ದರೆ ಬಹುಪಾಲು ತೊಂದರೆಗಳು ಸಿಕ್ಕಿಬೀಳುತ್ತವೆ. ಯಾವ ಗ್ರಾಹಕರೂ ಬಳಸದ ಸ್ವಿಚ್ಚು ಕಂಡರೆ ಅದನ್ನು ಪರೀಕ್ಷಿಸುವ ಬದಲು ತೆಗೆದೇ ಹಾಕಿ.

ಬೇರೆಯೇ ಎಪಿಐ ಬೇಕಾದಾಗ

ಸಿಮ್ಯುಲೇಟರ್‌ಗೆ ಸುಳ್ಳು ತೂಕ ತುಂಬುವ ಫಂಕ್ಷನ್ ಬೇಕೇ ಬೇಕು, ಆದರೆ ಅದು ಕಾರ್ಖಾನೆಯ ಬಿಲ್ಡ್‌ನಲ್ಲಿ ಯಾವ ರೂಪದಲ್ಲಿಯೂ ಇರಕೂಡದು. ಇಲ್ಲಿ ಮೂರನೆಯ ಹೆಜ್ಜೆಯ ಖಾಲಿ ಫಂಕ್ಷನ್ ಸೂತ್ರವನ್ನು ಅನ್ವಯಿಸಬೇಡಿ. ಕಾಟಾ_ಪರೀಕ್ಷೆ ಎಂಬ ಬೇರೆ ಹೆಡರ್ ಮತ್ತು ಬೇರೆ ಹೆಸರಿನ ಲೈಬ್ರರಿ ಮಾಡಿ ಅದರಲ್ಲಿ ಇಡಿ. ಮುಖ್ಯ ಹೆಡರ್ ಹಾಗೆಯೇ ಉಳಿಯುತ್ತದೆ, ಮತ್ತು ಪರೀಕ್ಷೆಯ ಲೈಬ್ರರಿ ಕಾರ್ಖಾನೆಗೆ ಹೋಗಿದೆಯೇ ಎಂಬುದನ್ನು ಫೈಲಿನ ಹೆಸರಿನಿಂದಲೇ ಪತ್ತೆ ಹಚ್ಚಬಹುದು.

ಈಗಾಗಲೇ ಬಳಕೆಯಲ್ಲಿರುವ ಲೈಬ್ರರಿಯನ್ನು ತಿದ್ದುವ ಕ್ರಮ

ಮೊದಲು ಒಂಬತ್ತನೆಯ ಹೆಜ್ಜೆಯ ತಪಾಸಣೆಗಳನ್ನು ಹಾಕಿ, ಇಂದು ಎಷ್ಟು ವ್ಯತ್ಯಾಸವಿದೆ ಎಂದು ದಾಖಲಿಸಿಕೊಳ್ಳಿ. ಮುಂದೆ ಅದು ಹೆಚ್ಚದಂತೆ ಸಿಐ ತಡೆಯಲಿ. ಆಮೇಲೆ ಆಕಾರವನ್ನು ಮುಟ್ಟದ ಕೆಲಸಗಳನ್ನು ಮಾಡಿ, ಅಂದರೆ ಅಸರ್ಟ್ ತಿದ್ದುವುದು, ಮಾಯವಾಗುತ್ತಿದ್ದ ಫಂಕ್ಷನ್‌ಗಳನ್ನು ಮರಳಿ ಸೇರಿಸುವುದು, ಈನಮ್‌ಗೆ ರಿಲೀಸ್ ಬಿಲ್ಡ್‌ನ ಬೆಲೆಗಳನ್ನೇ ಸಂಖ್ಯೆಯಾಗಿ ಬರೆಯುವುದು. ಇವುಗಳಿಂದ ಹಳೆಯ ರಿಲೀಸ್ ಗ್ರಾಹಕರಿಗೆ ಏನೂ ಮುರಿಯುವುದಿಲ್ಲ. ಸ್ಟ್ರಕ್ಟ್‌ನ ಗಾತ್ರ ಬದಲಿಸಲೇಬೇಕಾದಲ್ಲಿ ಹಳೆಯದನ್ನು ರಿಲೀಸ್ ಆಕಾರದಲ್ಲಿ, 12 ಬೈಟಿಗೆ, ಹಾಗೆಯೇ ಬಿಟ್ಟು ಕಾಟಾ_ಓದು2 ಎಂಬ ಹೊಸ ಸ್ಟ್ರಕ್ಟ್ ಮತ್ತು ಅದಕ್ಕೆ ಹೊಸ ಫಂಕ್ಷನ್ ಕೊಡಿ, ಲೈಬ್ರರಿಯ ಮುಖ್ಯ ಆವೃತ್ತಿ ಸಂಖ್ಯೆಯನ್ನು ಹಳೆಯ ಫಂಕ್ಷನ್ ತೆಗೆಯುವ ದಿನ ಏರಿಸಿ. ಕಬ್ಬು ನುರಿಯುವ ಹಂಗಾಮು ಶುರುವಾದ ಮೇಲೆ ಕಾಟಾ ಕೋಣೆಯ ಕಂಪ್ಯೂಟರಿನಲ್ಲಿ ಇಂಥ ಬದಲಾವಣೆ ಮಾಡಬೇಡಿ; ಹಂಗಾಮು ಮುಗಿದು ಕಾರ್ಖಾನೆ ದುರಸ್ತಿಗೆ ನಿಂತಾಗ ಹೊಸ ಲೈಬ್ರರಿ ಹಾಕಿ, ತೂಕ ಗೊತ್ತಿರುವ ಒಂದು ಲಾರಿಯನ್ನು ಕಾಟಾದ ಮೇಲೆ ನಿಲ್ಲಿಸಿ, ಹಳೆಯ ಮತ್ತು ಹೊಸ ಫಂಕ್ಷನ್ ಎರಡರಿಂದಲೂ ಚೀಟಿ ತೆಗೆದು ಹೋಲಿಸಿ ನೋಡಿ.